ದೇವಸ್ಥಾನದ ಹುಂಡಿ, ಅಕ್ಕನ ಪಾಲು ಮತ್ತು ಧರ್ಮನಿರಪೇಕ್ಷ ಸರ್ಕಾರ

ಪ್ರಶ್ನೆ: ನಾನು ಬೆಂಗಳೂರಿನ ಮಲ್ಲೇಶ್ವರದ ನಿವಾಸಿ, ನಿವೃತ್ತ ಬ್ಯಾಂಕ್ ನೌಕರ. ನಾವು ನಡೆದುಕೊಳ್ಳುವ ದೇವಸ್ಥಾನದಲ್ಲಿ ಹುಂಡಿಯ ಎಣಿಕೆ ಮುಜರಾಯಿ ಅಧಿಕಾರಿಗಳ ಎದುರಿನಲ್ಲಿ ನಡೆಯುತ್ತದೆ. ಇತ್ತ ಮನೆಯಲ್ಲಿ, 2003ರಲ್ಲಿ ತೀರಿಕೊಂಡ ನಮ್ಮ ತಂದೆಯವರ ಪಿತ್ರಾರ್ಜಿತ ಜಮೀನನ್ನು ಪಾಲು ಮಾಡಿಕೊಳ್ಳಲು ಹೊರಟಿದ್ದೇವೆ. 1991ರಲ್ಲಿ ಮದುವೆಯಾದ ಅಕ್ಕನಿಗೆ ಸಮಪಾಲಿದೆ ಎಂದು ವಕೀಲರು, ಇಲ್ಲವೆಂದು ಚಿಕ್ಕಪ್ಪ ಹೇಳುತ್ತಾರೆ. ಕರಡು ಪತ್ರದಲ್ಲಿ 'ಮಿತಾಕ್ಷರ ಪದ್ಧತಿಯ ಹಿಂದೂ ಅವಿಭಕ್ತ ಕುಟುಂಬ' ಎಂಬ ಮಾತಿದೆ. ಧರ್ಮನಿರಪೇಕ್ಷ ದೇಶವೊಂದರಲ್ಲಿ ಸರ್ಕಾರವು ದೇವರ ಹಣವನ್ನು ಎಣಿಸುವುದೂ, ಆಸ್ತಿಯ ಹಕ್ಕು ಧರ್ಮವನ್ನು ನೋಡಿ ತೀರ್ಮಾನವಾಗುವುದೂ ಹೇಗೆ ಸಾಧ್ಯ? ದಯವಿಟ್ಟು ವಿವರಿಸಬೇಕು.

ಉತ್ತರ: ನೀವು ಹುಂಡಿಯನ್ನೂ ಪಾಲುಪತ್ರವನ್ನೂ ಒಂದೇ ಪ್ರಶ್ನೆಯಲ್ಲಿ ತಂದದ್ದು ಸರಿಯಾಗಿದೆ, ಏಕೆಂದರೆ ಎರಡರ ಬೇರೂ ಒಂದೇ ಕಡೆ ಹೋಗುತ್ತದೆ. 1950ರ ಜನವರಿ 26ರಂದು ಸಂವಿಧಾನವು ಖಾಲಿ ಹಾಳೆಯ ಮೇಲೆ ಹೊಸದಾಗಿ ಗೆರೆ ಎಳೆದು, ಈ ಕಡೆ ಸರ್ಕಾರ, ಆ ಕಡೆ ಧರ್ಮ ಎಂದು ವಿಂಗಡಿಸಿತು ಎಂಬ ಭಾವನೆ ಬಹಳ ಜನರಲ್ಲಿದೆ. ಆದರೆ ಅದೇ ಸಂವಿಧಾನದ 372ನೇ ಅನುಚ್ಛೇದವು, ಬದಲಾಯಿಸುವವರೆಗೆ ಅಥವಾ ರದ್ದುಗೊಳಿಸುವವರೆಗೆ ಹಳೆಯ ಕಾನೂನುಗಳೆಲ್ಲ ಮುಂದುವರಿಯುತ್ತವೆ ಎಂದು ಹೇಳಿತು. ಹೀಗಾಗಿ ಅರಸರ ಕಾಲದ ದತ್ತಿಗಳು, ಕಂಪನಿ ಸರ್ಕಾರದ ನಿಬಂಧನೆಗಳು, ಸಂಸ್ಥಾನಗಳ ಶಾಸನಗಳು, ಅಂದಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲಿನ ತೀರ್ಪುಗಳು ಎಲ್ಲವೂ ಒಂದೇ ಮನೆಯೊಳಗೆ ಬಂದು ನೆಲೆಸಿದವು. ಇಂದು ನಮಗೆ ವಿಚಿತ್ರವೆನಿಸುವ ಪ್ರತಿಯೊಂದು ಏರ್ಪಾಡಿಗೂ ಒಂದು ಇಸವಿ ಇದೆ, ಒಂದು ಕಾರಣವಿದೆ. ಆ ಇಸವಿಯನ್ನು ಹುಡುಕಿಕೊಂಡು ಹೋದರೆ, ಧರ್ಮನಿರಪೇಕ್ಷತೆಯ ಬಗ್ಗೆ ನಾವು ಮಾಡುವ ಎಷ್ಟೋ ವಾದಗಳು ತತ್ತ್ವದ ವಾದಗಳಲ್ಲ, ಬಗೆಹರಿಯದೆ ಉಳಿದ ಹಳೆಯ ಲೆಕ್ಕಗಳು ಎಂಬುದು ತಿಳಿಯುತ್ತದೆ.

ಮೊದಲು ದೇವಸ್ಥಾನದ ವಿಷಯ. ನಿಮ್ಮ ಬಡಾವಣೆಗೆ ಹೆಸರು ಕೊಟ್ಟ ಕಾಡು ಮಲ್ಲೇಶ್ವರ ದೇವಸ್ಥಾನದ ಬಳಿಯ ಬಂಡೆಯ ಮೇಲೆ 1669ರ ಒಂದು ಶಾಸನವಿದೆ. ಆಗ ಬೆಂಗಳೂರನ್ನು ಆಳುತ್ತಿದ್ದ ಏಕೋಜಿ, ಅಂದರೆ ಶಿವಾಜಿಯ ಮಲಸಹೋದರ, ಈ ದೇವರಿಗೆ ಒಂದು ಗ್ರಾಮವನ್ನು ದತ್ತಿಯಾಗಿ ಬಿಟ್ಟದ್ದನ್ನು ಅದು ಹೇಳುತ್ತದೆ. ಗ್ರಾಮವನ್ನು ದೇವರಿಗೆ ಬಿಡುವುದೆಂದರೆ ಅದರ ಕಂದಾಯವು ಅರಮನೆಯ ಬೊಕ್ಕಸಕ್ಕೆ ಬಾರದೆ ದೇವರ ನಿತ್ಯಪೂಜೆ, ಉತ್ಸವ, ಅರ್ಚಕ ಪರಿಚಾರಕರ ಜೀವನೋಪಾಯಕ್ಕೆ ಸಲ್ಲುವುದು. ಕಂದಾಯ ಬಿಟ್ಟುಕೊಟ್ಟ ಅರಸನಿಗೆ, ಅದು ಸಲ್ಲಬೇಕಾದ ಕಡೆ ಸಲ್ಲುತ್ತಿದೆಯೇ ಎಂದು ನೋಡುವ ಹೊಣೆಯೂ ಅಂಟಿಕೊಂಡಿತು. ದತ್ತಿಯನ್ನು ಅಪಹರಿಸಿದವನಿಗೆ ಬರುವ ಪಾಪವನ್ನು ನಮ್ಮ ಶಾಸನಗಳ ಕೊನೆಯ ಸಾಲುಗಳು ಅಷ್ಟು ಕಟುವಾಗಿ ಹೇಳುವುದಕ್ಕೆ ಇದೇ ಕಾರಣ.

ಅರಸನ ಈ ಹೊಣೆ ದತ್ತಿಯ ಲೆಕ್ಕಕ್ಕೆ ನಿಲ್ಲಲಿಲ್ಲ, ಧರ್ಮಗಳ ನಡುವಿನ ವ್ಯಾಜ್ಯಕ್ಕೂ ಚಾಚಿಕೊಂಡಿತು. ಇದಕ್ಕೆ ನಾನು ಸದಾ ಕೊಡುವ ಉದಾಹರಣೆ 1368ರ ಬುಕ್ಕರಾಯನ ಶಾಸನ. ಶ್ರವಣಬೆಳಗೊಳದಲ್ಲಿಯೂ, ನಮ್ಮ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಅದರ ಪ್ರತಿಗಳಿವೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ಜೈನರಿಗೆ ಹಿಂದಿನಿಂದ ಸಲ್ಲುತ್ತಿದ್ದ ಪಂಚಮಹಾವಾದ್ಯ ಮತ್ತು ಕಲಶದ ಮರ್ಯಾದೆಗಳು ಮುಂದೆಯೂ ಸಲ್ಲಬೇಕೆಂದು ವಿಧಿಸಿದ. ಅಷ್ಟಕ್ಕೆ ಬಿಡದೆ, ರಾಜ್ಯದ ಜೈನರು ಮನೆಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು, ಆ ಹಣದಿಂದ ತಿರುಮಲೆಯ ತಾತಯ್ಯ ಎಂಬ ವೈಷ್ಣವ ಹಿರಿಯರು ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂಬ ಏರ್ಪಾಡನ್ನೂ ಮಾಡಿದ. ಇದನ್ನು ಎಷ್ಟು ಸಲ ಓದಿದರೂ ನನಗೆ ಬೆರಗಾಗುತ್ತದೆ. ಅರಸನು ಧರ್ಮದಿಂದ ದೂರ ನಿಲ್ಲಲಿಲ್ಲ. ತಾನೇ ನಡುವೆ ನಿಂತು, ಹಕ್ಕನ್ನು ಹೇಳಿ, ಹಣದ ದಾರಿಯನ್ನು ಗೊತ್ತುಮಾಡಿ, ಉಸ್ತುವಾರಿಯನ್ನು ನೇಮಿಸಿದ. ಇಂದಿನ ನಮ್ಮ ಸರ್ಕಾರಗಳು ಧರ್ಮದ ವಿಷಯದಲ್ಲಿ ನಡೆದುಕೊಳ್ಳುವ ರೀತಿಯು ಅಮೆರಿಕದ ಸಂವಿಧಾನಕ್ಕಿಂತ ಈ ಕಲ್ಲಿಗೆ ಹತ್ತಿರವಾಗಿದೆ ಎಂಬುದು ನನ್ನ ಅಭಿಪ್ರಾಯ.

ಈ ಹೊಣೆಯನ್ನು ಈಸ್ಟ್ ಇಂಡಿಯಾ ಕಂಪನಿಯೂ ಬಿಡಲಾಗಲಿಲ್ಲ. ಬಂಗಾಳದಲ್ಲಿ 1810ರ, ಮದ್ರಾಸಿನಲ್ಲಿ 1817ರ ನಿಬಂಧನೆಗಳ ಮೂಲಕ ದೇವಸ್ಥಾನಗಳ ದತ್ತಿಯ ಮೇಲ್ವಿಚಾರಣೆಯನ್ನು ಅದು ತನ್ನ ಅಧಿಕಾರಿಗಳಿಗೆ ವಹಿಸಿತು. ಕ್ರೈಸ್ತ ಸರ್ಕಾರವೊಂದು ವಿಗ್ರಹಾರಾಧನೆಯ ಆಡಳಿತ ನಡೆಸುವುದೇ ಎಂದು ಇಂಗ್ಲೆಂಡಿನಲ್ಲಿ ಮಿಷನರಿಗಳು ಗದ್ದಲವೆಬ್ಬಿಸಿದ ಮೇಲೆ 1840ರ ದಶಕದಲ್ಲಿ ಕೈಬಿಡಲು ತೊಡಗಿತು, ಕಂಪನಿಯ ನಂತರ ಬಂದ ಬ್ರಿಟಿಷ್ ಸರ್ಕಾರವು 1863ರ ಕಾಯ್ದೆಯಿಂದ ದೇವಸ್ಥಾನಗಳನ್ನು ಸ್ಥಳೀಯ ಸಮಿತಿಗಳಿಗೂ ಧರ್ಮದರ್ಶಿಗಳಿಗೂ ಒಪ್ಪಿಸಿತು. ಮದ್ರಾಸ್ ಪ್ರಾಂತ್ಯದಲ್ಲಿ ಆ ಸಮಿತಿಗಳ ಬಗ್ಗೆ ದೂರುಗಳು ಹೆಚ್ಚಿ, 1920ರ ದಶಕದಲ್ಲಿ ಪ್ರಾಂತೀಯ ಶಾಸಕಾಂಗವೇ ಕಾಯ್ದೆ ಮಾಡಿ, ಮಂಡಳಿಯೊಂದನ್ನು ರಚಿಸಿ, ಬಿಟ್ಟ ಅಧಿಕಾರವನ್ನು ಮರಳಿ ಹಿಡಿಯಿತು. ಮೈಸೂರಿನ ಕಥೆ ಬೇರೆ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತವಿದ್ದಾಗಲೂ, ಆಮೇಲೆ ಮಹಾರಾಜರ ಆಡಳಿತ ಮರಳಿದಾಗಲೂ ಇಲ್ಲಿ ಮುಜರಾಯಿ ನಿಲ್ಲಲಿಲ್ಲ. ಲೆಕ್ಕದಲ್ಲಿ ಕಳೆದುಕೊಟ್ಟ ಮೊತ್ತ ಎಂಬ ಅರ್ಥದ 'ಮುಜರಾ' ಎಂಬ ಮಾತಿನಿಂದ ಬಂದದ್ದು ಈ ಹೆಸರು. ಕಂದಾಯದಲ್ಲಿ ದೇವರಿಗೆಂದು ಕಳೆದು ಬಿಟ್ಟ ಹಣದ ಲೆಕ್ಕವೇ ಇಲಾಖೆಯಾಗಿ ಬೆಳೆಯಿತು, 1927ರಲ್ಲಿ ಅದಕ್ಕೊಂದು ಸಮಗ್ರ ಶಾಸನವೂ ಬಂತು. ಹಳೆಯ ಮೈಸೂರಿನವರಿಗೆ ದೇವಸ್ಥಾನದಲ್ಲಿ ಸರ್ಕಾರಿ ಪಾರುಪತ್ತೇಗಾರನನ್ನು ಕಂಡರೆ ಆಶ್ಚರ್ಯವಾಗದೆ, ಬೇರೆ ಕಡೆಯವರಿಗೆ ಆಗುವುದು ಈ ಕಾರಣಕ್ಕೆ.

1956ರಲ್ಲಿ ರಾಜ್ಯ ಒಂದಾದಾಗ ಐದು ಕಡೆಯ ಇತಿಹಾಸಗಳು ಒಟ್ಟಿಗೆ ಬಂದವು. ಹಳೆಯ ಮೈಸೂರಿಗೆ 1927ರ ಶಾಸನ, ಕರಾವಳಿಗೂ ಬಳ್ಳಾರಿಗೂ ಮದ್ರಾಸಿನ 1951ರ ಕಾಯ್ದೆ, ಧಾರವಾಡ ಬೆಳಗಾವಿ ಕಡೆಗೆ ಮುಂಬಯಿಯ 1950ರ ಸಾರ್ವಜನಿಕ ನ್ಯಾಸ ಕಾಯ್ದೆ, ಕಲಬುರಗಿ ರಾಯಚೂರು ಬೀದರಿಗೆ ನಿಜಾಮರ ಕಾಲದ ನಿಬಂಧನೆಗಳು, ಕೊಡಗಿಗೆ ಅದರದೇ ಆದ 1956ರ ಕಾಯ್ದೆ. ಒಂದೇ ರಾಜ್ಯದ ದೇವರುಗಳು ಐದು ಕಾನೂನುಗಳ ಅಡಿಯಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಪೂಜೆಗೊಂಡರು. ಇವನ್ನು ರದ್ದುಪಡಿಸಿ ಎಲ್ಲಕ್ಕೂ ಒಂದೇ ಕಾನೂನು ತಂದದ್ದು 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮ. ಅದು ಜಾರಿಗೆ ಬಂದದ್ದು 2003ರಲ್ಲಿ. 2006ರಲ್ಲಿ ಹೈಕೋರ್ಟ್ ಅದನ್ನು ಅಸಿಂಧುವೆಂದು ಸಾರಿತಾದರೂ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿದ್ದರಿಂದ ಕಾನೂನು ನಡೆದುಕೊಂಡು ಬಂದಿದೆ. ಹುಂಡಿಯ ಎಣಿಕೆಗೆ ನೀವು ಕಾಣುವ ಅಧಿಕಾರಿಯು ಈ ಕಾಯ್ದೆಯ ಬಲದಿಂದ ಅಲ್ಲಿ ನಿಂತಿದ್ದಾರೆ.

ದೇವಸ್ಥಾನಗಳನ್ನು ಸರ್ಕಾರದಿಂದ ಬಿಡಿಸಬೇಕು ಎನ್ನುವವರೂ, ಸರ್ಕಾರದ ಹಣ ದೇವಸ್ಥಾನಕ್ಕೇಕೆ ಎನ್ನುವವರೂ ಸಾಮಾನ್ಯವಾಗಿ ಮರೆಯುವ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ದೇವರ ಹೆಸರಿನಲ್ಲಿದ್ದ ಗ್ರಾಮಗಳೂ ಜಮೀನುಗಳೂ ಏನಾದವು? 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದತಿ ಕಾಯ್ದೆಯಿಂದ ಆ ಇನಾಮುಗಳು ಸರ್ಕಾರಕ್ಕೆ ಸೇರಿದವು. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿಗಿದ್ದ ಜಮೀನುಗಳು ಉಳುವವರ ಪಾಲಾದವು. ಇದು ನ್ಯಾಯವೇ ಆಗಿತ್ತು. ತಲೆಮಾರುಗಟ್ಟಲೆ ದೇವರ ಹೊಲವನ್ನು ಉತ್ತವನಿಗೆ ಹೊಲ ಸಿಕ್ಕಿತು. ಆದರೆ ದೇವಸ್ಥಾನದ ಆದಾಯ ಹೋಯಿತು. ಅದಕ್ಕೆ ಬದಲಾಗಿ ಸರ್ಕಾರ ವರ್ಷವರ್ಷವೂ ಕೊಡುವ ಹಣವೇ ತಸ್ತೀಕು. ಇಂದು ಮುಜರಾಯಿಗೆ ಸೇರಿದ 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಲ್ಲಿ ಬಹುಪಾಲು 'ಸಿ' ವರ್ಗದ, ಅಂದರೆ ಆದಾಯ ಕಡಿಮೆಯಿರುವ, ಸಣ್ಣ ದೇವಸ್ಥಾನಗಳು. ಅವುಗಳಲ್ಲಿ ಅನೇಕ ಕಡೆ ದೀಪಕ್ಕೆ ಎಣ್ಣೆ ಬರುವುದು ಇಂತಹ ಹಣದಿಂದ. ಇದನ್ನು ಭಿಕ್ಷೆಯೆಂದು ಕರೆಯುವುದು ತಪ್ಪು, ಮತ ಸೆಳೆಯುವ ಕೊಡುಗೆಯೆಂದು ಕರೆಯುವುದೂ ತಪ್ಪು. ಇದು ಜಮೀನಿನ ಬಾಕಿ. ಇಂತಹ ಬಾಕಿಯೊಂದು ಸಂವಿಧಾನದೊಳಗೇ ಸೇರಿಕೊಂಡಿದೆ. 290ಎ ಅನುಚ್ಛೇದದ ಪ್ರಕಾರ ಕೇರಳ ಸರ್ಕಾರವು ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46.5 ಲಕ್ಷ ರೂಪಾಯಿಯನ್ನೂ, ತಮಿಳುನಾಡು ತನಗೆ ಸೇರಿದ ತಿರುವಾಂಕೂರಿನ ಭಾಗದ ದೇವಸ್ಥಾನಗಳಿಗೆ 13.5 ಲಕ್ಷ ರೂಪಾಯಿಯನ್ನೂ ಕೊಡಬೇಕು. ಯಾವುದೇ ಒಂದು ಧರ್ಮದ ಪೋಷಣೆಗಾಗಿ ತೆರಿಗೆ ವಸೂಲು ಮಾಡಬಾರದೆಂದು 27ನೇ ಅನುಚ್ಛೇದದಲ್ಲಿ ಹೇಳುವ ಸಂವಿಧಾನವೇ ಇದನ್ನೂ ಹೇಳುತ್ತದೆ. ಇತಿಹಾಸ ಗೊತ್ತಿಲ್ಲದವರಿಗೆ ಇದು ವಿರೋಧಾಭಾಸ, ಗೊತ್ತಿರುವವರಿಗೆ ಸಂಸ್ಥಾನದೊಡನೆ ಮಾಡಿಕೊಂಡ ಒಪ್ಪಂದದ ಪಾಲನೆ.

ಸರ್ಕಾರದ ಕೈ ದೇವಸ್ಥಾನದೊಳಗೆ ಉಳಿಯಲು ಲೆಕ್ಕಪತ್ರಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಲು ಸಾಧ್ಯವಾದದ್ದು, ಆ ದೇವಸ್ಥಾನಗಳ ಆಡಳಿತ ಅದರ ಕೈಯಲ್ಲಿದ್ದುದರಿಂದ. ಸಂವಿಧಾನ ರಚನೆಯಾದಾಗ ಇದಕ್ಕಿಂತ ಹೆಚ್ಚಿನದು ಬೇಕಾಗಿತ್ತು. ದೇವಸ್ಥಾನದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಅದು ತೆರೆಯಬೇಕಾಗಿತ್ತು. ಆದ್ದರಿಂದಲೇ 25ನೇ ಅನುಚ್ಛೇದವು ಎಲ್ಲರಿಗೂ ಧರ್ಮಸ್ವಾತಂತ್ರ್ಯವನ್ನು ಕೊಟ್ಟ ಬೆನ್ನಿಗೇ, ಧಾರ್ಮಿಕ ಆಚರಣೆಗೆ ಸೇರಿಕೊಂಡ ಆರ್ಥಿಕ ಮತ್ತು ಲೌಕಿಕ ವ್ಯವಹಾರಗಳನ್ನು ನಿಯಂತ್ರಿಸಲು, ಸಾರ್ವಜನಿಕ ಸ್ವರೂಪದ ಹಿಂದೂ ದೇವಸ್ಥಾನಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯಲು ಸರ್ಕಾರಕ್ಕೆ ಅಧಿಕಾರ ನೀಡುತ್ತದೆ. 26ನೇ ಅನುಚ್ಛೇದವು ಪಂಥಗಳಿಗೆ ತಮ್ಮ ಧಾರ್ಮಿಕ ವ್ಯವಹಾರವನ್ನು ತಾವೇ ನಡೆಸುವ ಹಕ್ಕನ್ನು ಕೊಡುತ್ತದೆ. ಇವೆರಡರ ನಡುವಿನ ಗೆರೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಎರಡು ಮುಖ್ಯ ಮೊಕದ್ದಮೆಗಳೂ ನಮ್ಮ ಕರಾವಳಿಯವು ಎಂಬುದನ್ನು ಕನ್ನಡಿಗರು ತಿಳಿದಿರಬೇಕು.

ಮೊದಲನೆಯದು ಉಡುಪಿಯ ಶಿರೂರು ಮಠದ್ದು. 1954ರಲ್ಲಿ ಸುಪ್ರೀಂ ಕೋರ್ಟ್, ಒಂದು ಧರ್ಮದ ಅವಿಭಾಜ್ಯ ಅಂಗ ಯಾವುದು ಎಂಬುದನ್ನು ಆ ಧರ್ಮದ ಸಿದ್ಧಾಂತಗಳನ್ನೇ ನೋಡಿ ನಿರ್ಣಯಿಸಬೇಕು ಎಂದಿತು. ಮಠದ ಒಳ ಆಡಳಿತದಲ್ಲಿ ಕೈಹಾಕುವ ಮದ್ರಾಸ್ ಕಾಯ್ದೆಯ ಕೆಲವು ಕಲಮುಗಳನ್ನು ಅದು ತಳ್ಳಿಹಾಕಿತು, ಮಠಗಳಿಂದ ವಸೂಲು ಮಾಡುತ್ತಿದ್ದ ವಂತಿಕೆಯು ಸೇವೆಗೆ ಪ್ರತಿಯಾದ ಶುಲ್ಕವಲ್ಲ, ತೆರಿಗೆಯೇ ಎಂದು ಹೇಳಿ ಅದನ್ನೂ ಒಪ್ಪಲಿಲ್ಲ. ಎರಡನೆಯದು ಮುಲ್ಕಿಯ ವೆಂಕಟರಮಣ ದೇವಸ್ಥಾನದ್ದು. ಇದು ಗೌಡ ಸಾರಸ್ವತರ ಪಂಥದ ದೇವಸ್ಥಾನ, ಪ್ರವೇಶ ಯಾರಿಗೆಂಬುದು ನಮ್ಮ ಧರ್ಮದ ವಿಷಯ ಎಂದು ಆಡಳಿತದವರು ವಾದಿಸಿದರು. ಪಂಥದ ದೇವಸ್ಥಾನವೆಂಬುದನ್ನೂ, ಪ್ರವೇಶವು ಧರ್ಮದ ವಿಷಯವೆಂಬುದನ್ನೂ 1957ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಒಪ್ಪಿಯೂ, ಎಲ್ಲ ವರ್ಗದವರಿಗೆ ಬಾಗಿಲು ತೆರೆಯುವ ಅಧಿಕಾರವೇ ಮೇಲು ಎಂದಿತು. ಪಂಥದವರಿಗಷ್ಟೇ ಮೀಸಲಾದ ಕೆಲವು ವಿಶೇಷ ಸೇವೆಗಳನ್ನು ಉಳಿಸಿಕೊಟ್ಟಿತು. ಈ ಎರಡನೆಯ ತೀರ್ಪನ್ನು ನಾನು ನಮ್ಮ ಗಣರಾಜ್ಯದ ಅತ್ಯಂತ ಗೌರವಾರ್ಹ ತೀರ್ಪುಗಳಲ್ಲಿ ಒಂದೆಂದು ಎಣಿಸುತ್ತೇನೆ. ಮೊದಲನೆಯದರ ಫಲ ಮಿಶ್ರವಾಗಿದೆ. ಯಾವ ಆಚರಣೆ ಧರ್ಮಕ್ಕೆ ಅತ್ಯಗತ್ಯ, ಯಾವುದು ಅಲ್ಲ ಎಂಬುದನ್ನು ನ್ಯಾಯಾಧೀಶರು ಹೇಳುವ ಪರಿಪಾಠ ಅಲ್ಲಿಂದ ಬೆಳೆಯಿತು. ಶಾಸ್ತ್ರಾಧ್ಯಯನ ಮಾಡದವರು ಶಾಸ್ತ್ರದ ಸಾರವನ್ನು ತೀರ್ಮಾನಿಸುವ ಇಕ್ಕಟ್ಟಿನಿಂದ ನಮ್ಮ ನ್ಯಾಯಾಲಯಗಳು ಇನ್ನೂ ಹೊರಬಂದಿಲ್ಲ.

ಹಾಗಾದರೆ ಹುಂಡಿಯ ಎಣಿಕೆ ಸರಿಯೇ? ಸಾರ್ವಜನಿಕರು ಹಾಕಿದ ಹಣಕ್ಕೆ ಸಾರ್ವಜನಿಕ ಲೆಕ್ಕವಿರುವುದು ಸರಿ. ಆದರೆ ಲೆಕ್ಕ ನೋಡುವುದು ಬೇರೆ, ಆಡಳಿತವನ್ನು ಕಾಲಮಿತಿಯಿಲ್ಲದೆ ಕೈಯಲ್ಲಿಟ್ಟುಕೊಳ್ಳುವುದು ಬೇರೆ. ಆದಾಯವುಳ್ಳ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿಗೆ ನೇಮಕವಾಗುವುದು ಒಂದು ರಾಜಕೀಯ ಉಡುಗೊರೆಯಾಗಿರುವುದನ್ನು ನಾನು ದುಃಖದಿಂದ ನೋಡುತ್ತಿದ್ದೇನೆ. ವಕ್ಫ್ ಆಸ್ತಿಗೆ ಬೇರೆ ಮಂಡಳಿ, ಚರ್ಚುಗಳಿಗೆ ಬೇರೆ ಪದ್ಧತಿ, ಮಠಗಳಿಗೆ ಇನ್ನೊಂದು ಎಂಬ ಅಸಮತೆಯ ದೂರಿನಲ್ಲಿಯೂ ಹುರುಳಿದೆ. ಆದರೂ ಇಲಾಖೆಯನ್ನೇ ಮುಚ್ಚಿಬಿಡಿ ಎನ್ನುವವರು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ತಸ್ತೀಕಿನ ಬಾಕಿಯನ್ನು ಯಾರು ತೀರಿಸುತ್ತಾರೆ, ಮತ್ತು ಮುಲ್ಕಿಯ ಬಾಗಿಲು ನಾಳೆ ಮತ್ತೆ ಮುಚ್ಚದಂತೆ ಯಾರು ನೋಡಿಕೊಳ್ಳುತ್ತಾರೆ?

ಇಂತಹ ಹಳೆಯ ಲೆಕ್ಕ ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. 1905ರಲ್ಲಿ ಫ್ರಾನ್ಸ್ ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸಿದಾಗ ಅಲ್ಸಾಸ್ ಮತ್ತು ಮೊಸೆಲ್ ಪ್ರದೇಶ ಜರ್ಮನಿಯ ವಶದಲ್ಲಿತ್ತು. ಮೊದಲ ಮಹಾಯುದ್ಧದ ನಂತರ ಅದು ಮರಳಿ ಬಂದರೂ ಹಳೆಯ ವ್ಯವಸ್ಥೆಯೇ ಉಳಿದು, ಕಟ್ಟುನಿಟ್ಟಾದ ಧರ್ಮನಿರಪೇಕ್ಷತೆಗೆ ಹೆಸರಾದ ಆ ದೇಶದಲ್ಲಿ ಇಂದಿಗೂ ಅಲ್ಲಿನ ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡುತ್ತದೆ.

ಇನ್ನು ನಿಮ್ಮ ಅಕ್ಕನ ಪಾಲು. ಕರಡಿನಲ್ಲಿರುವ 'ಮಿತಾಕ್ಷರ' ಎಂಬುದು ಒಂದು ಗ್ರಂಥದ ಹೆಸರು, ಮತ್ತು ಅದು ನಮ್ಮ ನಾಡಿನ ಗ್ರಂಥ. 1076ರಿಂದ 1126ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ, ತಂದೆ ಸಾಯುವವರೆಗೆ ಕಾಯಬೇಕಿಲ್ಲ ಎಂಬುದು ಅದರ ಪ್ರಸಿದ್ಧ ಸಿದ್ಧಾಂತ. ತಂದೆಯ ಮರಣದ ನಂತರವೇ ಹಕ್ಕು ಎಂದ ಬಂಗಾಳದ ದಾಯಭಾಗ ಪಂಥ ಇದಕ್ಕೆ ಎದುರು. ಒಂಬತ್ತು ಶತಮಾನ ಹಿಂದಿನ ಸಂಸ್ಕೃತ ವ್ಯಾಖ್ಯಾನವೊಂದು ಇಂದಿನ ನೋಂದಣಿ ಕಚೇರಿಯ ಕಾಗದಕ್ಕೆ ಬಂದು ಸೇರಿದ್ದು ಹೇಗೆ?

1772ರಲ್ಲಿ ಕಂಪನಿಯ ಗವರ್ನರ್ ವಾರನ್ ಹೇಸ್ಟಿಂಗ್ಸ್ ಬಂಗಾಳದ ನ್ಯಾಯಾಡಳಿತಕ್ಕೆ ಹಾಕಿದ ಯೋಜನೆಯಲ್ಲಿ, ವಾರಸುದಾರಿಕೆ, ವಿವಾಹ, ಜಾತಿ ಮೊದಲಾದ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸಲ್ಮಾನರಿಗೆ ಕುರಾನ್ ಅನ್ವಯವಾಗಬೇಕು ಎಂದು ಬರೆದ. ಮುಂದಿನ ಎರಡೂವರೆ ಶತಮಾನಗಳ ಭಾರತದ ಕಾನೂನನ್ನು ಈ ಒಂದು ವಾಕ್ಯದಷ್ಟು ರೂಪಿಸಿದ ವಾಕ್ಯ ಇನ್ನೊಂದಿಲ್ಲ. ಅಪರಾಧ, ಒಪ್ಪಂದ, ಸಾಕ್ಷ್ಯಗಳಲ್ಲಿ ಬ್ರಿಟಿಷರು ಕ್ರಮೇಣ ಎಲ್ಲರಿಗೂ ಒಂದೇ ಕಾಯ್ದೆ ತಂದರು. 1860ರ ದಂಡ ಸಂಹಿತೆ ಯಾರ ಧರ್ಮವನ್ನೂ ಕೇಳಲಿಲ್ಲ. ಮನೆ, ಮದುವೆ, ಆಸ್ತಿ ಮಾತ್ರ ಧರ್ಮದ ಖಾತೆಯಲ್ಲಿ ಉಳಿದವು. ನ್ಯಾಯಾಲಯಗಳು ಮೊದಲು ಪಂಡಿತರನ್ನೂ ಮೌಲವಿಗಳನ್ನೂ ಕೇಳುತ್ತಿದ್ದವು. 1810ರಲ್ಲಿ ಕಂಪನಿಯ ಅಧಿಕಾರಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯವಿಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ನ್ಯಾಯಾಧೀಶರು ತಾವೇ ಓದತೊಡಗಿದರು, 1864ರಲ್ಲಿ ಪಂಡಿತರ ಹುದ್ದೆಗಳೇ ರದ್ದಾದವು.

ಇಲ್ಲಿ ನಡೆದ ಹಾನಿಯನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲ ಎಂದು ನನಗನಿಸುತ್ತದೆ. ಅದಕ್ಕೆ ಮುಂಚೆ ಧರ್ಮಶಾಸ್ತ್ರವೆಂಬುದು ಹಲವು ವ್ಯಾಖ್ಯಾನಗಳ ವಾದವಾಗಿತ್ತು, ದೇಶಾಚಾರ ಕುಲಾಚಾರಗಳಿಗೆ ಮಣಿಯುತ್ತಿತ್ತು, ಮುಂದಿನ ವ್ಯಾಖ್ಯಾನಕಾರನು ಹಿಂದಿನವನನ್ನು ತಿದ್ದಬಹುದಾಗಿತ್ತು. ಅನುವಾದವಾಗಿ, ತೀರ್ಪಾಗಿ, ಪೂರ್ವನಿದರ್ಶನವಾಗಿ ಅದು ಕಲ್ಲಾಯಿತು. ಆಚಾರಕ್ಕೆ ಸ್ಪಷ್ಟವಾದ ಪುರಾವೆಯಿದ್ದರೆ ಅದು ಗ್ರಂಥಕ್ಕಿಂತ ಮೇಲು ಎಂದು 1868ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತಾದರೂ, ಪುರಾವೆ ಒದಗಿಸುವ ಭಾರ ಬಡವರ ಮೇಲೆ, ಕಾಗದವಿಲ್ಲದವರ ಮೇಲೆ ಬಿತ್ತು. ಹೆಣ್ಣುಮಕ್ಕಳಿಗಂತೂ ವಿಜ್ಞಾನೇಶ್ವರನು ಕೊಟ್ಟದ್ದೂ ಕೈತಪ್ಪಿತು. ತಂದೆಯ ನಂತರ ಪಾಲಾಗುವಾಗ ಅವಿವಾಹಿತ ಸಹೋದರಿಗೆ ಸಹೋದರನ ಪಾಲಿನ ಕಾಲುಭಾಗ ಸಲ್ಲಬೇಕು, ಅದು ಮದುವೆಯ ಖರ್ಚಿಗಷ್ಟೇ ಅಲ್ಲ ಎಂದು ಅವನು ವಾದಿಸಿದ್ದ. ವಾರಸಿನಿಂದ ಬಂದ ಆಸ್ತಿಯೂ ಸ್ತ್ರೀಧನವೇ, ಅಂದರೆ ಹೆಣ್ಣಿನ ಸ್ವಂತ ಆಸ್ತಿಯೇ, ಎಂದು ಬರೆದಿದ್ದ. ಪ್ರಿವಿ ಕೌನ್ಸಿಲ್ ಮುಂಬಯಿ ಪ್ರಾಂತ್ಯದ ಹೊರಗೆ ಈ ಮಾತನ್ನು ಒಪ್ಪದೆ, ಹೆಣ್ಣಿಗೆ ವಾರಸಾಗಿ ಬಂದದ್ದು ಅವಳ ಜೀವಮಾನಕ್ಕೆ ಮಾತ್ರ ಎಂದಿತು. ಅವಳಿಗೆ ಸಂಪೂರ್ಣ ಒಡೆತನ ಬಂದದ್ದು 1956ರಲ್ಲಿ. ನಾವು 'ಶಾಸ್ತ್ರದಲ್ಲೇ ಹಾಗಿದೆ' ಎಂದು ಹೇಳುವ ಎಷ್ಟೋ ಮಾತುಗಳು ಶಾಸ್ತ್ರದವಲ್ಲ, ಲಂಡನ್ನಿನ ನ್ಯಾಯಪೀಠದವು.

ಕಲ್ಲಾದದ್ದನ್ನು ಕರಗಿಸಲು ಶಾಸಕಾಂಗವೊಂದೇ ದಾರಿಯಾಗಿ ಉಳಿಯಿತು. ಇದರಲ್ಲಿ ಮೈಸೂರು ಮುಂದಿತ್ತು. 1894ರಲ್ಲಿಯೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಅದು ನಿಷೇಧಿಸಿತು. 1933ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದು, ಕುಟುಂಬದ ಆಸ್ತಿ ಪಾಲಾಗುವಾಗ ತಾಯಿ, ವಿಧವೆ, ಅವಿವಾಹಿತ ಹೆಣ್ಣುಮಕ್ಕಳಿಗೆ ಪಾಲು ಕೊಡಿಸಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾಯ್ದೆ ಬಂದದ್ದು ಇದಾದ ನಾಲ್ಕು ವರ್ಷಗಳ ಮೇಲೆ. ಆದರೆ ಮೈಸೂರಿನ ಕಾಯ್ದೆಗಳು ಬ್ರಿಟಿಷರ ಆಡಳಿತದಲ್ಲಿದ್ದ ಬೆಂಗಳೂರಿನ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ತಾವಾಗಿ ಅನ್ವಯಿಸುತ್ತಿರಲಿಲ್ಲ. 1947ರಲ್ಲಿ ದಂಡು ಮೈಸೂರಿಗೆ ಮರಳುವವರೆಗೆ, ಪೇಟೆಯ ಹೆಣ್ಣುಮಗಳಿಗೂ ದಂಡಿನ ಹೆಣ್ಣುಮಗಳಿಗೂ ಒಂದೇ ಊರಿನಲ್ಲಿ ಎರಡು ಸರ್ಕಾರಗಳ ಕಾನೂನು. ಹಳೆಯ ಮೈಸೂರು ಸೀಮೆಯಲ್ಲಿ 1956ಕ್ಕೆ ಮುಂಚಿನ ವಾರಸು ಪ್ರಶ್ನೆಯಿರುವ ಪಾಲು ದಾವೆಗಳಲ್ಲಿ 1933ರ ಕಾಯ್ದೆಯನ್ನು ಈಗಲೂ ತೆರೆದು ನೋಡಬೇಕಾಗುತ್ತದೆ.

ದೇಶದ ಮಟ್ಟದಲ್ಲಿ ಹಿಂದೂ ಸಂಹಿತೆಯ ಕೆಲಸವನ್ನು 1941ರಲ್ಲಿ ಆರಂಭಿಸಿದ ಸಮಿತಿಯ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್. ಮುಂದೆ ಸಂವಿಧಾನ ರಚನಾಸಭೆಯ ಸಲಹೆಗಾರರಾದವರೂ ಇವರೇ. ಮಸೂದೆಯನ್ನು ಮುನ್ನಡೆಸಿದ ಅಂಬೇಡ್ಕರ್ ಅವರು, ಅದನ್ನು ಕೈಬಿಟ್ಟದ್ದೂ ಒಂದು ಕಾರಣವಾಗಿ 1951ರಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಿದರು. ಅದೇ 1955 ಮತ್ತು 1956ರಲ್ಲಿ ನಾಲ್ಕು ಕಾಯ್ದೆಗಳಾಗಿ ಬಂತು. ಆದರೆ ರಾಜಿಯ ಬೆಲೆಯಾಗಿ, ಹುಟ್ಟಿನಿಂದ ಹಕ್ಕು ಪಡೆಯುವ ಗಂಡುಮಕ್ಕಳ ದಾಯಾದಿ ಕೂಟವನ್ನು ಉತ್ತರಾಧಿಕಾರ ಕಾಯ್ದೆ ಹಾಗೆಯೇ ಉಳಿಸಿತು. ಆದಾಯ ತೆರಿಗೆಯಲ್ಲಿ ಹಿಂದೂ ಅವಿಭಕ್ತ ಕುಟುಂಬಕ್ಕೆ ಇಂದಿಗೂ ಪ್ರತ್ಯೇಕ ಪ್ಯಾನ್ ಸಂಖ್ಯೆ ಇರುವುದು, ಅದರ ನಾಲ್ಕನೆಯ ಅಕ್ಷರ 'ಎಚ್' ಆಗಿರುವುದು, ನೀವು ಬ್ಯಾಂಕಿನಲ್ಲಿ ಕಂಡಿರುವ ಸಂಗತಿಯೇ. ಮುಸ್ಲಿಮರಿಗೆ 1937ರ ಶರಿಯತ್ ಅನ್ವಯ ಕಾಯ್ದೆ, ಕ್ರೈಸ್ತರಿಗೆ 1869 ಮತ್ತು 1872ರ ವಿಚ್ಛೇದನ, ವಿವಾಹ ಕಾಯ್ದೆಗಳು ಮುಂದುವರಿದವು. ಏಕರೂಪ ನಾಗರಿಕ ಸಂಹಿತೆಯ ಆಶಯ 44ನೇ ಅನುಚ್ಛೇದದ ನಿರ್ದೇಶಕ ತತ್ತ್ವವಾಗಿ ಉಳಿಯಿತು. ಆ ಚರ್ಚೆಗೆ ಬೇರೆಯೇ ಉತ್ತರ ಬೇಕು.

ನಿಮ್ಮ ಚಿಕ್ಕಪ್ಪನವರ ಮಾತನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ, ಅವರು ಹೇಳುತ್ತಿರುವುದು ಒಂದು ಕಾಲದ ಕಾನೂನನ್ನು. ಕರ್ನಾಟಕವು 1994ರ ಜುಲೈ 30ರಿಂದ ಹೆಣ್ಣುಮಕ್ಕಳನ್ನು ದಾಯಾದಿಗಳೆಂದು ಪರಿಗಣಿಸಿದಾಗ, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಆ ಲೆಕ್ಕದಲ್ಲಿ 1991ರಲ್ಲಿ ಮದುವೆಯಾದ ನಿಮ್ಮ ಅಕ್ಕನಿಗೆ ಹುಟ್ಟಿನ ಹಕ್ಕು ಇರಲಿಲ್ಲ. ಸಂಸತ್ತು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ತಂದ ತಿದ್ದುಪಡಿಯಲ್ಲಿ ಮದುವೆಯ ಷರತ್ತು ಇಲ್ಲ. ಆದರೆ ಆ ದಿನ ತಂದೆ ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಹೇಳಿದ್ದರಿಂದ, 2003ರಲ್ಲಿ ತಂದೆಯನ್ನು ಕಳೆದುಕೊಂಡವರಿಗೆ ಬಾಗಿಲು ಮತ್ತೆ ಮುಚ್ಚಿದಂತಾಯಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು: ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, ತಂದೆ 2005ರಲ್ಲಿ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ. ವಿಜ್ಞಾನೇಶ್ವರನು ಮಗನಿಗೆ ಹೇಳಿದ ಸಿದ್ಧಾಂತವನ್ನೇ ಮಗಳಿಗೂ ಅನ್ವಯಿಸಿ ಕೊಟ್ಟ ತೀರ್ಪು ಇದು.

ಆದ್ದರಿಂದ ನಿಮ್ಮ ವಕೀಲರ ಮಾತು ಸರಿ. ನೋಡಿಕೊಳ್ಳಬೇಕಾದ ಮುಖ್ಯ ಸಂಗತಿ ಇದು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ವಿಭಾಗ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಪಾಲು ಆಗಿಹೋಗಿದ್ದರೆ ಅದು ಹಾಗೆಯೇ ನಿಲ್ಲುತ್ತದೆ. ಹಿರಿಯರ ಎದುರಿನಲ್ಲಿ ಬಾಯಿಮಾತಿನಲ್ಲಿ ಪಾಲಾಗಿತ್ತು ಎಂಬ ವಾದವನ್ನು ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೆ ಅಂದಿನ ಸರ್ಕಾರಿ ದಾಖಲೆಗಳ ಬೆಂಬಲ ಬೇಕು. ಅಂತಹ ಪತ್ರವಿಲ್ಲದಿದ್ದರೆ ನಿಮ್ಮ ಅಕ್ಕ ನಿಮ್ಮಷ್ಟೇ ಪಾಲಿಗೆ ಹಕ್ಕುದಾರರು. ಹಕ್ಕು ಬಿಡುಗಡೆ ಪತ್ರಕ್ಕೆ ಅವರ ಸಹಿ ಕೇಳಲು ಮನೆಯಲ್ಲಿ ಯಾರಾದರೂ ಹೊರಟಿದ್ದರೆ, ಈ ಉತ್ತರದ ಕೊನೆಯ ಎರಡು ಭಾಗಗಳನ್ನು ಮೊದಲು ಅವರಿಗೆ ಓದಿ ಹೇಳಿ, ಆಮೇಲೆ ಅವರ ಮನಸ್ಸು ಏನೆಂದು ಕೇಳಿ.